ಐದು ಮೀಟರಿನ ಕೋಣೆ

ಜೂಲ್ಸ್ ವರ್ನ್‌ನ ನಾಟಿಲಸ್ ಯಾವ ಸಮುದ್ರದಲ್ಲೂ ಓಡಾಡಿದ್ದಲ್ಲ. 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯೊಳಗಿನ ಜಲಾಂತರ್ಗಾಮಿ ಅದು. ಕಾಗದದ ಮೇಲೆ ಹುಟ್ಟಿದ್ದು, ಕಾಗದದ ಮೇಲೇ ಮುಳುಗಿದ್ದು. ಆದರೂ ನೂರೈವತ್ತು ವರ್ಷ ದಾಟಿದ ಮೇಲೂ ಅದನ್ನು ಕೈಯಾರೆ ಕಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಡುವವರು ಪ್ರಪಂಚದ ತುಂಬ ಇದ್ದಾರೆ. ಹಿತ್ತಾಳೆ ತಗಡು ಬಗ್ಗಿಸಿ, ಸೂಜಿಮೊನೆಯಷ್ಟು ರಿವೆಟ್‌ಗಳನ್ನು ಒಂದೊಂದಾಗಿ ಕೂರಿಸಿ, ಒಳಗೆ ಅಕ್ಕಿಕಾಳಿನಷ್ಟು ದೀಪ ಹಚ್ಚಿ, ತಿಂಗಳುಗಟ್ಟಲೆ ಕೂತು ಮಾಡೋ ಕೆಲಸ. ಇಲ್ಲದ ಹಡಗಿಗೆ ಇಷ್ಟು ನಿಷ್ಠೆ ಯಾಕೆ ಅಂತ ಕೇಳಿದರೆ, ಮಾಡುವವರು ನಕ್ಕು ಸುಮ್ಮನಾಗ್ತಾರೆ.

ಈ ಮಾದರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಪುಸ್ತಕವನ್ನೇ ನಂಬಿ ಮಾಡಿದ್ದು: ಎರಡೂ ತುದಿ ಚೂಪಾದ ಚುಟ್ಟಾದ ಆಕಾರ, ನುಣುಪು ಮೈ. ಇನ್ನೊಂದು, 1954ರಲ್ಲಿ ಡಿಸ್ನಿ ಕಂಪನಿ ತೆಗೆದ ಸಿನಿಮಾಕ್ಕಾಗಿ ಹಾರ್ಪರ್ ಗಾಫ್ ಎಂಬ ಕಲಾವಿದ ವಿನ್ಯಾಸ ಮಾಡಿದ್ದು: ಮೈಯೆಲ್ಲ ರಿವೆಟ್ಟು, ಬೆನ್ನ ಮೇಲೆ ಗರಗಸದ ಹಲ್ಲು, ಮುಂದೆ ಉರಿಯೋ ಕಣ್ಣು. ಎರಡರಲ್ಲಿ ಯಾವುದೇ ಆಗಲಿ, ಒಂದು ಮಗ್ಗುಲು ಸೀಳಿ ಒಳಗಡೆ ತೋರಿಸೋ ಹಾಗೆ ಮಾಡಿದ್ದರೆ ನೋಡುವವರ ಕಣ್ಣು ನೆಟ್ಟಗೆ ಒಂದೇ ಜಾಗಕ್ಕೆ ಹೋಗುತ್ತೆ. ಸಲೂನ್. ಅಂದರೆ ನಾಟಿಲಸ್ಸಿನ ದಿವಾನಖಾನೆ.

ಹೋಗಲೇಬೇಕು, ಅಷ್ಟು ಚೆನ್ನಾಗಿದೆ. ವರ್ನ್ ಅಳತೆ ಕೊಡುವುದರಲ್ಲಿ ನಮ್ಮ ಸಿವಿಲ್ ಎಂಜಿನಿಯರುಗಳನ್ನೂ ಮೀರಿಸಿದವನು. ಹಡಗಿನ ಉದ್ದ 70 ಮೀಟರು, ಅಗಲ 8. ಸಲೂನು 10 ಮೀಟರು ಉದ್ದ, 6 ಮೀಟರು ಅಗಲ, 5 ಮೀಟರು ಎತ್ತರ. ಗೋಡೆಯ ಮೇಲೆ ರಾಫೆಲ್, ಲಿಯೊನಾರ್ಡೊ ಮುಂತಾದವರ ಚಿತ್ರಗಳು. ನಡುವೆ ದೈತ್ಯ ಕಪ್ಪೆಚಿಪ್ಪಿನ ಬಟ್ಟಲಲ್ಲಿ ಚಿಮ್ಮುವ ಕಾರಂಜಿ. ಒಂದು ಕಡೆ ದೊಡ್ಡ ಪೈಪ್ ಆರ್ಗನ್. ಪಕ್ಕದ ಕೋಣೆಯಲ್ಲಿ 12,000 ಪುಸ್ತಕಗಳ ಲೈಬ್ರರಿ. ಅದರಲ್ಲಿ ಅರ್ಥಶಾಸ್ತ್ರದ ಒಂದೇ ಒಂದು ಪುಸ್ತಕಕ್ಕೂ ಜಾಗ ಇಲ್ಲ ಅನ್ನೋದು ವರ್ನ್‌ನ ಕುಹಕ. ಸಲೂನಿನ ಎರಡೂ ಬದಿಯಲ್ಲಿ ಲೋಹದ ಪರದೆ ಸರಿದರೆ ದಪ್ಪ ಗಾಜಿನ ಕಿಟಕಿ, ಅದರಾಚೆ ಸಮುದ್ರ. ಹಡಗಿನ ಖರ್ಚಿನ ಲೆಕ್ಕವನ್ನೂ ಕ್ಯಾಪ್ಟನ್ ನೆಮೋ ಹೇಳುತ್ತಾನೆ: ಹಡಗಿಗೆ 16,87,000 ಫ್ರಾಂಕ್, ಒಳಗಿನ ಸಜ್ಜು ಸೇರಿದರೆ 20 ಲಕ್ಷ, ಚಿತ್ರಗಳನ್ನೂ ಸಂಗ್ರಹವನ್ನೂ ಸೇರಿಸಿದರೆ 40-50 ಲಕ್ಷ. ಅಂದರೆ ಹಡಗಿಗಿಂತ ಹಡಗಿನೊಳಗಿನ ವೈಭೋಗವೇ ದುಬಾರಿ.

ಈ ಕಾಲ್ಪನಿಕ ಹಡಗಿನ ಹಿಂದೆಯೂ ಒಂದು ಮಾದರಿ ಇತ್ತು ಅನ್ನೋದು ತಮಾಷೆಯ ವಿಷಯ. 1863ರಲ್ಲಿ ಫ್ರಾನ್ಸಿನ ರೋಶ್‌ಫೋರ್‌ನಲ್ಲಿ ಪ್ಲೊಂಜರ್ ಎಂಬ ಜಲಾಂತರ್ಗಾಮಿಯನ್ನು ನೀರಿಗಿಳಿಸಿದರು. ಮನುಷ್ಯರ ತೋಳ್ಬಲವಲ್ಲದೆ, ಒತ್ತಿಟ್ಟ ಗಾಳಿಯ ಯಂತ್ರದಿಂದ ಓಡೋ ಹಡಗು. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದರ ಮಾದರಿಯನ್ನು ಇಟ್ಟಿದ್ದರು, ವರ್ನ್ ಅದನ್ನು ನೋಡಿದ್ದ. ನಿಜವಾದ ಹಡಗಿನ ಮಾದರಿ ಕಾಲ್ಪನಿಕ ಹಡಗಿಗೆ ಜೀವ ಕೊಟ್ಟಿತು, ಕಾಲ್ಪನಿಕ ಹಡಗು ಈಗ ಸಾವಿರಾರು ನಿಜವಾದ ಮಾದರಿಗಳಿಗೆ ಜೀವ ಕೊಡುತ್ತಿದೆ.

ಇಲ್ಲಿಯವರೆಗೂ ಸರಿ. ನನ್ನ ತಕರಾರು ಇರೋದು ಗಾಜಿನ ಪೆಟ್ಟಿಗೆಯ ಎದುರು ನಿಂತಾಗ ನಮ್ಮ ಮನಸ್ಸು ಮಾಡೋ ಒಂದು ಸಣ್ಣ ಚಾಲಾಕಿನ ಬಗ್ಗೆ. ಈ ಹಡಗಿನಲ್ಲಿ ನೀನು ಎಲ್ಲಿರ್ತೀಯ ಅಂತ ಯಾರನ್ನು ಬೇಕಾದರೂ ಕೇಳಿ. ಎಲ್ಲರೂ ಸಲೂನಿನ ಸೋಫಾದಲ್ಲಿ ಕೂರ್ತಾರೆ. ಎಂಜಿನ್ನಿನ ಹತ್ತಿರ ಯಾರೂ ಹೋಗಲ್ಲ. ಮುಂದಿನ ಉಕ್ಕಿನ ಕೊಂಬಿನ ಹತ್ತಿರವಂತೂ ಯಾರೂ ಸುಳಿಯಲ್ಲ. ಆದರೆ ಆ ಕೊಂಬು ಶೋಕಿಗೆ ಇಟ್ಟದ್ದಲ್ಲ. ನಾಟಿಲಸ್ ಹಡಗುಗಳನ್ನು ಇರಿದು ಮುಳುಗಿಸುತ್ತದೆ. ಕೊಂಬು ಮತ್ತು ಸಲೂನು ಒಂದೇ ದೇಹದ ಎರಡು ಭಾಗ. ಕೊಂಬನ್ನು ಓಡಿಸೋ ವಿದ್ಯುತ್ತೇ ಸಲೂನಿನ ದೀಪವನ್ನೂ ಉರಿಸೋದು.

ಯಾಕೆ ಮುಳುಗಿಸುತ್ತಾನೆ ನೆಮೋ? ಇಲ್ಲಿ ಕಥೆ ನಮ್ಮ ಊರಿನ ಹತ್ತಿರಕ್ಕೆ ಬರುತ್ತದೆ. ವರ್ನ್ ಮೊದಲು ಅಂದುಕೊಂಡಿದ್ದು ನೆಮೋ ಪೋಲೆಂಡಿನವನು, ರಷ್ಯನ್ನರಿಂದ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು ಅಂತ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾವನ್ನು ಎದುರು ಹಾಕಿಕೊಳ್ಳೋದು ಅವನಿಗೆ ಬೇಡವಿತ್ತು. ಹಾಗಾಗಿ ಮೊದಲ ಕಾದಂಬರಿಯಲ್ಲಿ ನೆಮೋ ಯಾವ ದೇಶದವನು ಅಂತಲೇ ಗೊತ್ತಾಗಲ್ಲ. 1875ರಲ್ಲಿ ಮುಗಿದ 'ನಿಗೂಢ ದ್ವೀಪ'ದಲ್ಲಿ ಮುಖವಾಡ ಕಳಚುತ್ತದೆ: ಇವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಹೋರಾಡಿ ಸಂಸಾರವನ್ನು ಕಳೆದುಕೊಂಡವನು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತದ್ದು 1799ರಲ್ಲಿ. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ನಂಟು ಅಂತ ಚರಿತ್ರೆಯ ಮೇಷ್ಟರು ಕೇಳಬಹುದು. ಬ್ರಿಟಿಷರನ್ನು ದ್ವೇಷಿಸೋ ಭಾರತೀಯ ಅಂದಕೂಡಲೇ ಫ್ರೆಂಚ್ ಲೇಖಕನಿಗೆ ಹೊಳೆದ ಹೆಸರು ಟಿಪ್ಪು, ಅಷ್ಟೇ. 2003ರ ಹಾಲಿವುಡ್ ಸಿನಿಮಾವೊಂದರಲ್ಲಿ ನಾಸಿರುದ್ದೀನ್ ಶಾ ನೆಮೋ ಆಗಿದ್ದಕ್ಕೆ ಇದೇ ಮೂಲ.

ಹಾಗಾಗಿ ನೆಮೋನನ್ನು ಬರೀ ಖಳನಾಯಕ ಅಂತ ಪಕ್ಕಕ್ಕಿಡೋಕೆ ನಮಗೆ ಆಗಲ್ಲ. ಅವನ ನೋವು ನಿಜ. ಅವನ ಮಲಗುವ ಕೋಣೆ ಸನ್ಯಾಸಿಯ ಕೋಣೆಯ ಹಾಗೆ: ಕಬ್ಬಿಣದ ಮಂಚ, ಮೇಜು, ಅಷ್ಟೇ. ಗೋಡೆಯ ಮೇಲೆ ಲಿಂಕನ್, ವಾಷಿಂಗ್ಟನ್, ಗುಲಾಮಗಿರಿಯ ವಿರುದ್ಧ ಎದ್ದು ಗಲ್ಲಿಗೇರಿದ ಜಾನ್ ಬ್ರೌನ್. ಸಿಲೋನಿನ ಹತ್ತಿರ ಒಬ್ಬ ಬಡ ಮುತ್ತಿನ ಮುಳುಗುಗಾರನನ್ನು ಶಾರ್ಕಿನ ಬಾಯಿಂದ ಬಿಡಿಸಿ, ಕೈಗೆ ಮುತ್ತಿನ ಚೀಲ ಕೊಟ್ಟು ಕಳಿಸುತ್ತಾನೆ. ತಾನೂ ತುಳಿಯಲ್ಪಟ್ಟವರ ಕಡೆಯವನೇ ಅನ್ನುತ್ತಾನೆ. ಸಮುದ್ರದ ತಳದಿಂದ ಎತ್ತಿದ ಚಿನ್ನವನ್ನು ಕ್ರೀಟ್ ದ್ವೀಪದ ಹತ್ತಿರ ಯಾರಿಗೋ ತಲುಪಿಸುತ್ತಾನೆ. ಅಲ್ಲಿ ಆಗ ದಂಗೆ ನಡೆಯುತ್ತಿದ್ದ ಕಾಲ. ಅದೇ ಮನುಷ್ಯ, ಬಾವುಟವಿಲ್ಲದ ಒಂದು ಯುದ್ಧನೌಕೆಯನ್ನು ಕೊಂಬಿನಿಂದ ಸೀಳಿ, ಅದರಲ್ಲಿದ್ದವರೆಲ್ಲ ಒದ್ದಾಡಿ ಸಾಯೋದನ್ನು ನಿಂತು ನೋಡುತ್ತಾನೆ. ಎಲ್ಲಿಂದ ನೋಡುತ್ತಾನೆ? ಸಲೂನಿನ ಕಿಟಕಿಯಿಂದ. ತಿಂಗಳುಗಟ್ಟಲೆ ಬಣ್ಣದ ಮೀನು ತೋರಿಸಿದ ಅದೇ ಸಲೂನಿನ ಕಿಟಕಿ.

ಈಗ ನನ್ನ ಪ್ರಶ್ನೆ. ಇದು ನೆಮೋನ ಬಗ್ಗೆ ಅಲ್ಲ. ನೆಮೋ ಆಗೋಕೆ ನಮ್ಮಂಥವರಿಗೆ ಆಗಲ್ಲ, ಅಷ್ಟು ದುಡ್ಡೂ ಇಲ್ಲ, ಅಷ್ಟು ಸಿಟ್ಟೂ ಇಲ್ಲ. ಪ್ರಶ್ನೆ ಆ ಕಿಟಕಿಯ ಎದುರು ಕೂತಿದ್ದ ಇನ್ನೊಬ್ಬನ ಬಗ್ಗೆ: ಕಥೆ ಹೇಳುವ ಪ್ರೊಫೆಸರ್ ಅರೊನಾಕ್ಸ್. ಒಳ್ಳೆಯ ಹಡಗಿನಲ್ಲಿ, ಒಳ್ಳೆಯ ಊಟ ಮಾಡಿಕೊಂಡು, ಇಷ್ಟದ ಕೆಲಸ ಮಾಡಿಕೊಂಡು ಇರುವವನಿಗೆ, ಆ ಹಡಗು ಏನು ಮಾಡುತ್ತಿದೆ ಎಂದು ತಿಳಿದುಕೊಳ್ಳುವ ಹೊಣೆ ಎಷ್ಟು?

ಹೊಣೆಯಲ್ಲೂ ಮೆಟ್ಟಿಲುಗಳಿವೆ. ತೀರ ಕೆಳಗಿನ ಮೆಟ್ಟಿಲಲ್ಲಿ ಹಡಗಿನ ಬಿಡಿಭಾಗ ಮಾಡಿದವರಿದ್ದಾರೆ. ನೆಮೋ ಹಡಗು ಕಟ್ಟಿದ ರೀತಿಯನ್ನು ಓದಿದರೆ ಯಾವ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆದರೂ ತಲೆದೂಗಬೇಕು. ತಳದ ಕಂಬ ಫ್ರಾನ್ಸಿನ ಕ್ರೂಸೋದಲ್ಲಿ, ಪ್ರೊಪೆಲ್ಲರಿನ ದಂಡ ಲಂಡನ್ನಿನಲ್ಲಿ, ಹೊರಗಿನ ತಗಡು ಲಿವರ್‌ಪೂಲಿನಲ್ಲಿ, ಪ್ರೊಪೆಲ್ಲರ್ ಗ್ಲಾಸ್ಗೋದಲ್ಲಿ, ತೊಟ್ಟಿಗಳು ಪ್ಯಾರಿಸ್ಸಿನಲ್ಲಿ, ಎಂಜಿನ್ನು ಪ್ರಷ್ಯಾದ ಕ್ರುಪ್ ಕಾರ್ಖಾನೆಯಲ್ಲಿ, ಕೊಂಬು ಸ್ವೀಡನ್ನಿನ ಮೊಟಾಲಾದಲ್ಲಿ, ಅಳತೆಯ ಉಪಕರಣಗಳು ನ್ಯೂಯಾರ್ಕಿನಲ್ಲಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರಿನಲ್ಲಿ ನಕ್ಷೆ ಹೋಯಿತು. ನಡುಸಮುದ್ರದ ಒಂದು ಖಾಲಿ ದ್ವೀಪದಲ್ಲಿ ಎಲ್ಲವನ್ನೂ ಜೋಡಿಸಿ, ಮುಗಿದ ಮೇಲೆ ಗುರುತು ಸಿಗದ ಹಾಗೆ ಅಲ್ಲಿ ಬೆಂಕಿ ಹಚ್ಚಿದರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಎಂಟು ವೆಂಡರ್, ಎಂಟು ಮಾಡ್ಯೂಲ್, ಯಾರಿಗೂ ಪೂರ್ತಿ ಪ್ರಾಡಕ್ಟ್ ಗೊತ್ತಿಲ್ಲ.

ಗ್ಲಾಸ್ಗೋದಲ್ಲಿ ಪ್ರೊಪೆಲ್ಲರ್ ಎರಕ ಹೊಯ್ದವನಿಗೆ ಪಾಪ ಇದೆಯಾ? ಇಲ್ಲ ಅಂತಲೇ ನನ್ನ ಉತ್ತರ. ಪ್ರೊಪೆಲ್ಲರ್ ಮೀನು ಹಿಡಿಯೋ ದೋಣಿಗೂ ಬೇಕು. ಮೊಟಾಲಾದಲ್ಲಿ ಉಕ್ಕಿನ ಕೊಂಬು ಮಾಡಿದವನ ಬಗ್ಗೆ ಮಾತ್ರ ಸ್ವಲ್ಪ ಅನುಮಾನ. ಮೂರು ಮೂಲೆಯ, ಚೂಪಾದ ಉಕ್ಕಿನ ತುಂಡು. ಅದನ್ನು ತಿಕ್ಕಿ ಹೊಳಪು ಮಾಡುವಾಗ 'ಇದು ಯಾತಕ್ಕೆ ಸ್ವಾಮಿ?' ಅಂತ ಒಮ್ಮೆಯಾದರೂ ಅನ್ನಿಸಿರಲೇಬೇಕು. ಅಂದರೆ ಗೊತ್ತಿಲ್ಲ ಅನ್ನೋದು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗೋ ರಿಯಾಯಿತಿ ಅಲ್ಲ. ಕೆಲವು ಭಾಗಗಳ ಆಕಾರದಲ್ಲೇ ಉತ್ತರ ಇರುತ್ತದೆ. ಡೆಲಿವರಿ ಹುಡುಗ ಟೀ ಕುಡಿಯೋಕೆ ಎಷ್ಟು ನಿಮಿಷ ನಿಂತ ಅಂತ ಎಣಿಸಿ ಅವನ ಕೂಲಿ ಕತ್ತರಿಸೋ ಕೋಡನ್ನು ಬರೆಯುವವನನ್ನು ಊಹಿಸಿಕೊಳ್ಳಿ. 'ನಾನು ಬರೀ ಟೈಮರ್ ಬರೆದೆ' ಅಂತ ಅವನು ಹೇಳಬಹುದು. ಆದರೆ ಅವನು ಬರೆದಿದ್ದು ಟೈಮರ್ ಅಲ್ಲ, ಕೊಂಬು. ಆಕಾರ ನೋಡಿದರೆ ಗೊತ್ತಾಗುತ್ತೆ.

ಮೇಲಿನ ಮೆಟ್ಟಿಲಲ್ಲಿ ಅರೊನಾಕ್ಸ್ ಕೂತಿದ್ದಾನೆ. ಅವನು 1867ರ ನವೆಂಬರಿನಲ್ಲಿ ಹಡಗಿಗೆ ಬಂದದ್ದು ಕೈದಿಯಾಗಿ. ಜೊತೆಗೆ ಸೇವಕ ಕೊನ್ಸೇಯ್, ತಿಮಿಂಗಿಲ ಬೇಟೆಗಾರ ನೆಡ್ ಲ್ಯಾಂಡ್. ನೆಮೋ ಕೊಟ್ಟ ಷರತ್ತು ಸರಳ: ಹಡಗಿನೊಳಗೆ ಸ್ವತಂತ್ರವಾಗಿರಿ, ನಾನು ಹೇಳಿದಾಗ ನಿಮ್ಮ ಕೋಣೆಗೆ ಹೋಗಿ, ಏನನ್ನೂ ನೋಡಬೇಡಿ, ಹೊರಗೆ ಹೋಗೋ ಮಾತು ಮಾತ್ರ ಬೇಡ. ಆಮೇಲೆ ಪ್ರೊಫೆಸರನಿಗೆ ಲೈಬ್ರರಿ ತೋರಿಸುತ್ತಾನೆ. ಅಲ್ಲಿ ಅರೊನಾಕ್ಸ್ ಬರೆದ ಪುಸ್ತಕವೂ ಇದೆ! ಆಗಲೇ ಅರ್ಧ ಗೆದ್ದ ಹಾಗೆ. ನಮ್ಮ ಕೆಲಸವನ್ನು ಓದಿ ಮೆಚ್ಚಿದ ಯಜಮಾನನ ಮುಂದೆ ಯಾವ ಬುದ್ಧಿವಂತ ತಾನೇ ಗಟ್ಟಿಯಾಗಿ ನಿಂತಾನು?

ನೆಡ್ ಲ್ಯಾಂಡ್‌ಗೆ ಮೊದಲ ದಿನದಿಂದಲೂ ಒಂದೇ ಚಿಂತೆ: ಇಲ್ಲಿಂದ ಹೊರಗೆ ಹೋಗೋದು ಹೇಗೆ? ಲೈಬ್ರರಿ, ಚಿತ್ರ, ಆರ್ಗನ್ ಅವನನ್ನು ಕಟ್ಟಿಹಾಕಲ್ಲ. ಓದಿದವರು ಅವನನ್ನು ಒರಟ ಅಂತ ನಗುತ್ತಾರೆ, ಲೇಖಕನೂ ಸ್ವಲ್ಪ ನಗಿಸುತ್ತಾನೆ. ಆದರೆ ಆ ಮೂವರಲ್ಲಿ ಜಾಗದ ಸ್ವರೂಪವನ್ನು ಸರಿಯಾಗಿ ಹೆಸರಿಟ್ಟು ಕರೆದವನು ಅವನೊಬ್ಬನೇ. ಅವನ ಮಟ್ಟಿಗೆ ಅದು ಜೈಲು. ಅರೊನಾಕ್ಸ್‌ಗೆ ಅದು ಫೆಲೋಶಿಪ್. ಓಡಿಹೋಗೋ ಮಾತು ಬಂದಾಗಲೆಲ್ಲ ಪ್ರೊಫೆಸರ್ ಒಳಗೊಳಗೇ ಹಿಂಜರಿಯುತ್ತಾನೆ. ಇನ್ನೂ ನೋಡದ ಸಮುದ್ರಗಳಿವೆ, ಮುಗಿಸದ ಟಿಪ್ಪಣಿಗಳಿವೆ. ಈ ರಿಲೀಸ್ ಆಗಲಿ, ಈ ಅಪ್ರೈಸಲ್ ಮುಗಿಯಲಿ, ಆಮೇಲೆ ನೋಡೋಣ ಅಂತ ನಾವು ಅನ್ನಲ್ವಾ, ಹಾಗೆ.

1868ರ ಜನವರಿಯಲ್ಲಿ ಒಂದು ದಿನ ದಿಗಂತದಲ್ಲಿ ಏನೋ ಕಾಣಿಸುತ್ತದೆ. ನೆಮೋ ಈ ಮೂವರನ್ನೂ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಊಟದಲ್ಲಿ ನಿದ್ದೆಮದ್ದು ಬೆರೆತಿದೆ. ಬೆಳಗ್ಗೆ ಎದ್ದಾಗ ಎಲ್ಲ ಮಾಮೂಲಿನಂತಿದೆ. ಆಮೇಲೆ ನೆಮೋ ಬಂದು, ನಿಮಗೆ ವೈದ್ಯಕೀಯ ಬರುತ್ತಲ್ಲ, ನನ್ನವನೊಬ್ಬನನ್ನು ನೋಡ್ತೀರಾ ಅನ್ನುತ್ತಾನೆ. ತಲೆಯೊಡೆದ ಒಬ್ಬ ಮನುಷ್ಯ, ಇನ್ನೆರಡು ಗಂಟೆ ಉಳಿದರೆ ಹೆಚ್ಚು. ಗಾಯ ಹೇಗಾಯಿತು ಅಂತ ಅರೊನಾಕ್ಸ್ ಕೇಳುತ್ತಾನೆ, ಹಾರಿಕೆಯ ಉತ್ತರ ಸಿಗುತ್ತದೆ. ಮರುದಿನ ಸಮುದ್ರದ ತಳದ ಹವಳದ ಸ್ಮಶಾನದಲ್ಲಿ ಅವನನ್ನು ಹೂಳುತ್ತಾರೆ. ಅಲ್ಲಿಗೆ ಪ್ರೊಫೆಸರನಿಗೆ ಎಲ್ಲ ಗೊತ್ತಾಯಿತು ಅನ್ನೋ ಹಾಗಿಲ್ಲ. ಆದರೆ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ಆ ನಡುವಿನ ಜಾಗ ತುಂಬ ಮೆತ್ತಗಿದೆ. ಅಲ್ಲಿ ವರ್ಷಗಟ್ಟಲೆ ಮಲಗಬಹುದು. ದಿನಾ ಯಾರೂ ನಿದ್ದೆಮದ್ದು ಹಾಕಬೇಕಿಲ್ಲ, ಒಮ್ಮೆ ರೂಢಿಯಾದರೆ ನಾವೇ ಹಾಕಿಕೊಳ್ತೀವಿ.

ಇಲ್ಲಿ ನಮ್ಮ ಕಡೆಯ ಒಂದು ಹಳೇ ಮಾತು ಅಡ್ಡ ಬರುತ್ತೆ: ಉಂಡ ಮನೆಗೆ ಎರಡು ಬಗೆಯಬಾರದು. ಹಳ್ಳಿಯಲ್ಲಿ ಬೆಳೆದ ನಮಗೆ ಇದು ಗಾದೆಯಲ್ಲ, ರಕ್ತದಲ್ಲೇ ಇರೋ ಸಂಗತಿ. ಇಡೀ ಮನೆಯ ಸಾಲ ತೀರಿಸಿದ ಸಂಬಳ, ತಂಗಿಯ ಮದುವೆ ಮಾಡಿಸಿದ ಸಂಬಳ ಎಲ್ಲಿಂದ ಬಂತೋ ಆ ಮನೆಯನ್ನು ಪ್ರಶ್ನೆ ಮಾಡೋದು ಕೃತಘ್ನತೆ ಅನ್ನಿಸುತ್ತೆ. ನಗರದ ಗೆಳೆಯರು ಸುಲಭವಾಗಿ 'ಬಿಟ್ಟುಬಿಡು' ಅನ್ನುತ್ತಾರೆ, ನಮಗೆ ಅಷ್ಟು ಸುಲಭವಲ್ಲ. ಮಹಾಭಾರತದಲ್ಲಿ ಭೀಷ್ಮನ ಸಂಕಟವೂ ಇದೇ. ನ್ಯಾಯ ಯಾವ ಕಡೆ ಇದೆ ಅಂತ ಗೊತ್ತಿದ್ದೂ, ತಾನು ಕೌರವರ ಅನ್ನಕ್ಕೆ ಕಟ್ಟುಬಿದ್ದವನು ಅಂತ ಯುದ್ಧಕ್ಕೆ ಮುಂಚೆ ಧರ್ಮರಾಯನಿಗೆ ಹೇಳಿಕೊಳ್ಳುತ್ತಾನೆ. ದ್ರೌಪದಿಯ ಸೀರೆ ಎಳೆದ ದಿನ ಸಭೆಯಲ್ಲಿ ತಲೆ ತಗ್ಗಿಸಿ ಕೂತವನೂ ಅವನೇ.

ಅನ್ನದ ಋಣ ಸುಳ್ಳು ಅಂತ ನಾನು ಹೇಳಲ್ಲ. ಅದು ಇಲ್ಲದಿದ್ದರೆ ಮನುಷ್ಯ ಸಂಬಂಧಗಳೆಲ್ಲ ಬರೀ ಕಾಂಟ್ರಾಕ್ಟು. ಆದರೆ ಆ ಋಣವನ್ನು ನಾವು ಅರ್ಧ ಮಾತ್ರ ಕಲಿತಿದ್ದೀವಿ. ಊರಿನಲ್ಲಿ ಒಂದು ಮನೆಯ ಜೀತಗಾರನೋ ಆಳೋ ಆಗಿ ಇಪ್ಪತ್ತು ವರ್ಷ ದುಡಿದ ಮುದುಕರನ್ನು ನೋಡಿ. ಆ ಮನೆಯ ಗುಟ್ಟನ್ನು ಹೊರಗೆ ಹಾಕಲ್ಲ. ಆದರೆ ಗೌಡ ಅಡ್ಡದಾರಿ ಹಿಡಿದರೆ ಹಟ್ಟಿಯಲ್ಲಿ ನಿಂತು 'ಬುದ್ಧೀ, ಇದು ಸರಿ ಬರಾಕಿಲ್ಲ' ಅಂತ ಮುಖಕ್ಕೇ ಹೇಳಿದವರೂ ಅವರೇ. ಉಂಡವನಿಗೆ ಬಗೆಯೋ ಹಕ್ಕಿಲ್ಲ, ಆದರೆ ಹೇಳೋ ಬಾಧ್ಯತೆ ಇದೆ. ಬೇರೆಯವರಿಗಿಂತ ಹೆಚ್ಚೇ ಇದೆ, ಯಾಕೆಂದರೆ ಒಳಗಿನದು ಅವನಿಗೆ ಮಾತ್ರ ಕಾಣಿಸುತ್ತೆ. ಎರಡು ಬಗೆಯೋದು ಬೇರೆ, ಎದುರು ನಿಂತು ಹೇಳೋದು ಬೇರೆ. ನಮ್ಮ ಕಾನ್ಫರೆನ್ಸ್ ರೂಮುಗಳಲ್ಲಿ ಎರಡನ್ನೂ ಒಂದೇ ಅಂತ ಭಾವಿಸಿ, ಹೇಳಬೇಕಾದ್ದನ್ನು ಹೇಳದೆ ಟೀ ಕುಡಿದು ಎದ್ದು ಬರ್ತೀವಿ.

ಅರೊನಾಕ್ಸ್ ಕೊನೆಗೆ ಹೇಳುತ್ತಾನೆ. ಯುದ್ಧನೌಕೆ ಹತ್ತಿರ ಬಂದಾಗ, ಇದನ್ನು ಮುಳುಗಿಸಬೇಡಿ ಅಂತ ಬೇಡಿಕೊಳ್ಳುತ್ತಾನೆ. ನೆಮೋ ಅವನ ಬಾಯಿ ಮುಚ್ಚಿಸುತ್ತಾನೆ. ಹೇಳಿದ್ದರಿಂದ ಏನೂ ಬದಲಾಗಲಿಲ್ಲ, ನಿಜ. ಆದರೆ ಅವನು ಹೇಳಿದ್ದು ಕೊಂಬು ಇರಿಯೋಕೆ ಕೆಲವೇ ಗಂಟೆ ಮುಂಚೆ. ಹವಳದ ಸ್ಮಶಾನದ ದಿನ ಇದನ್ನೇ ಕೇಳಿದ್ದರೆ ನೆಮೋ ಬದಲಾಗುತ್ತಿದ್ದನೋ ಇಲ್ಲವೋ, ಪ್ರೊಫೆಸರ್ ಬದಲಾಗುತ್ತಿದ್ದ. ಬೇಗ ಹೇಳುವುದರ ಲಾಭ ಅನೇಕ ಸಲ ಹೇಳುವವನಿಗೇ. ತಾನು ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಾಗುತ್ತೆ.

ಟಿಪ್ಪುವಿನ ಇನ್ನೊಂದು ವಸ್ತು ಇಲ್ಲಿ ನೆನಪಾಗುತ್ತೆ. ಅದೂ ಕೈಯಿಂದ ಮಾಡಿದ್ದು, ಅದೂ ಈಗ ಗಾಜಿನಾಚೆ ಇರೋದು: ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾದ ಅದನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಲಂಡನ್ ಕಚೇರಿಯಲ್ಲೇ ಪ್ರದರ್ಶನಕ್ಕಿಟ್ಟರು. ಯುರೋಪಿಯನ್ ಒಬ್ಬನ ಮೇಲೆ ಬಿದ್ದ ಹುಲಿ. ಹಿಡಿ ತಿರುಗಿಸಿದರೆ ಕೆಳಗಿದ್ದವನ ಕೈ ಆಡುತ್ತೆ, ನರಳೋ ಸದ್ದು ಬರುತ್ತೆ. ಹುಲಿಯ ಹೊಟ್ಟೆಯಲ್ಲಿ ಒಂದು ಪುಟ್ಟ ಆರ್ಗನ್ ಇದೆ. ನೆಮೋನ ಸಲೂನಿನಲ್ಲೂ ಆರ್ಗನ್. ಈ ಹೋಲಿಕೆ ವರ್ನ್‌ಗೆ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ವ್ಯತ್ಯಾಸ ನೋಡಿ. ಹುಲಿ ತನ್ನ ಸಿಟ್ಟನ್ನು ಹೊರಗಡೆ ಇಟ್ಟುಕೊಂಡಿದೆ. ಅದನ್ನು ನೋಡಿ 'ಎಷ್ಟು ಚೆನ್ನಾಗಿದೆ' ಅನ್ನೋ ಮೊದಲೇ 'ಯಾರು ಸಾಯ್ತಿದ್ದಾರೆ, ಯಾಕೆ?' ಅಂತ ಕೇಳಲೇಬೇಕಾಗುತ್ತೆ. ನಾಟಿಲಸ್ ತನ್ನ ಸಂಗೀತವನ್ನು ಮುಂದಿಟ್ಟು ಸಿಟ್ಟನ್ನು ಹಿಂದಿಟ್ಟಿದೆ. ಹುಲಿ ಪ್ರಾಮಾಣಿಕ ಆಟಿಕೆ. ನಾಟಿಲಸ್ ಸಭ್ಯ ಆಯುಧ. ನಾವು ಕೆಲಸ ಮಾಡೋ ಜಾಗಗಳು ಹುಲಿಯ ಹಾಗೆ ಇದ್ದಿದ್ದರೆ ನಿರ್ಧಾರ ಸುಲಭವಾಗ್ತಿತ್ತು. ಅವು ನಾಟಿಲಸ್ ಹಾಗೆ ಇರುತ್ತವೆ: ಗಿಡಗಳು, ಪುಸ್ತಕದ ಕಪಾಟು, ಒಳ್ಳೆ ಕಾಫಿ.

ಹಾಗಂತ ಮಾದರಿ ಕಟ್ಟೋದು ತಪ್ಪಲ್ಲ. ಚೆಂದದ್ದನ್ನು ಪ್ರೀತಿಸೋಕೆ ತಪ್ಪೊಪ್ಪಿಗೆ ಬೇಕಿಲ್ಲ. ನಿಜ ಹೇಳಬೇಕಂದರೆ, ಕೈಯಿಂದ ಮಾದರಿ ಕಟ್ಟುವವನು ನೋಡುವವನಿಗಿಂತ ಹೆಚ್ಚು ಪ್ರಾಮಾಣಿಕನಾಗಲೇಬೇಕಾದ ಒಂದು ಜಾಗ ಆ ಹಡಗಿನಲ್ಲಿದೆ. ನೆಮೋ ಹಡಗನ್ನು ತೋರಿಸುತ್ತ ಹೋಗುವಾಗ ವರ್ನ್ ಒಂದೊಂದು ಕೋಣೆಯ ಅಳತೆಯನ್ನೂ ಹೇಳುತ್ತಾನೆ. ಊಟದ ಕೋಣೆ 5 ಮೀಟರು, ಲೈಬ್ರರಿ 5, ಸಲೂನು 10, ಕ್ಯಾಪ್ಟನ್ನನ ಕೋಣೆ 5, ಅಡುಗೆಮನೆ 3. ಆಮೇಲೆ ಸಿಬ್ಬಂದಿಯ ಕೋಣೆ ಬರುತ್ತೆ, 5 ಮೀಟರು ಉದ್ದ. ಅದರ ಬಾಗಿಲು ಮುಚ್ಚಿದೆ. ತೆರೆದಿದ್ದರೆ ಈ ಹಡಗನ್ನು ಎಷ್ಟು ಜನ ನಡೆಸುತ್ತಾರೆ ಅಂತ ತಿಳಿಯುತ್ತಿತ್ತು ಅಂದುಕೊಂಡು ಅರೊನಾಕ್ಸ್ ಮುಂದೆ, 20 ಮೀಟರಿನ ಎಂಜಿನ್ ಕೋಣೆ ನೋಡೋಕೆ ಹೋಗುತ್ತಾನೆ.

'ನಿಗೂಢ ದ್ವೀಪ'ದ ಪ್ರಕಾರ ಡಕ್ಕರ್ ಜೊತೆ ಹೊರಟವರು ಇಪ್ಪತ್ತು ಮಂದಿ ನಂಬಿಕಸ್ಥರು. ಇಪ್ಪತ್ತು ಜನಕ್ಕೆ ಐದು ಮೀಟರು. ಒಬ್ಬ ಯಜಮಾನನ ಚಿತ್ರ, ಕಾರಂಜಿ, ಆರ್ಗನ್ನಿಗೆ ಹತ್ತು ಮೀಟರು. ಮನುಕುಲದ ಬಿಡುಗಡೆಯ ಚಿತ್ರಗಳನ್ನು ಗೋಡೆಗೆ ತೂಗುಹಾಕಿಕೊಂಡವನ ಹಡಗಿನ ಲೆಕ್ಕ ಇದು. ಅವರಲ್ಲಿ ಒಬ್ಬರಿಗೂ ಕಾದಂಬರಿಯಲ್ಲಿ ಹೆಸರಿಲ್ಲ. ಅವರು ತಮ್ಮೊಳಗೆ ಆಡೋ ಭಾಷೆ ಪ್ರೊಫೆಸರನಿಗೆ ತಿಳಿಯಲ್ಲ. ಬರೀ ಓದುವವನು ಆ ಬಾಗಿಲನ್ನು ದಾಟಿ ಹೋಗಬಹುದು. ಚಿತ್ರ ಬರೆಯುವವನೂ ಬಾಗಿಲನ್ನಷ್ಟೇ ಬರೆದು ತಪ್ಪಿಸಿಕೊಳ್ಳಬಹುದು. ಆದರೆ ಹಡಗನ್ನು ಸೀಳಿ ತೋರಿಸೋ ಮಾದರಿ ಮಾಡುವವನಿಗೆ ಆ ದಾರಿಯಿಲ್ಲ. ಐದು ಮೀಟರಿನ ಆ ಜಾಗದಲ್ಲಿ ಏನಾದರೂ ಇಡಲೇಬೇಕು. ಎಷ್ಟು ಮಂಚ? ಒಂದರ ಮೇಲೊಂದಾ? ಬಟ್ಟೆ ಎಲ್ಲಿ ಒಣಹಾಕ್ತಾರೆ? ವರ್ನ್ ಹೇಳದೆ ಬಿಟ್ಟದ್ದನ್ನು ಅವನ ಇಕ್ಕಳ, ಅಂಟು, ಬೆರಳು ಸೇರಿ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕುವಾಗ ಅವನು ಕಾದಂಬರಿಯ ಯಾವ ಓದುಗನೂ ಹೋಗದ ಕೋಣೆಗೆ ಹೋಗಿರುತ್ತಾನೆ.

ನಾನು ಕೇಳಿಕೊಳ್ಳೋದು ಇಷ್ಟೇ. ನಾವು ಕೂತಿರೋ ಹಡಗಿನ ಒಂದು ಮಾದರಿಯನ್ನು, ತಲೆಯಲ್ಲೇ ಆಗಲಿ, ಒಮ್ಮೆ ಸೀಳಿ ಕಟ್ಟಿ ನೋಡೋಣ. ರಿಸೆಪ್ಷನ್ ಸುಲಭವಾಗಿ ಬರುತ್ತೆ. ನಮ್ಮ ಮೇಜು, ಕಾಫಿ ಯಂತ್ರ, ಟೆರೇಸಿನ ಗಿಡಗಳು ಬರುತ್ತವೆ. ಆಮೇಲೆ ಬೆಳಗ್ಗೆ ನಾವು ಬರೋ ಮುಂಚೆ ನೆಲ ಒರೆಸಿ ಹೋಗುವವರು ಎಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ ಅಂತ ತೋರಿಸಬೇಕಾಗುತ್ತೆ. ನಾವು ಬರೆದ ಕೋಡು ಹೋಗಿ ಯಾರ ಮೈಗೆ ತಾಗುತ್ತೆ ಅಂತ ತೋರಿಸಬೇಕಾಗುತ್ತೆ. ಕೈ ಎಲ್ಲಿ ನಿಲ್ಲುತ್ತೋ, ಇಲ್ಲಿ ಏನಿಡಬೇಕು ಅಂತ ಗೊತ್ತಾಗ್ತಿಲ್ಲವಲ್ಲ ಅಂತ ಎಲ್ಲಿ ಅನ್ನಿಸುತ್ತೋ, ಅದೇ ನಾವು ತಟ್ಟಬೇಕಾದ ಬಾಗಿಲು. ತಟ್ಟಿದ ಕೂಡಲೇ ರಾಜೀನಾಮೆ ಬರೆಯಬೇಕು ಅಂತೇನಿಲ್ಲ. ಕೆಲವು ಸಲ ಒಳಗಿರೋದು ಸರಿಯಾಗೇ ಇರುತ್ತೆ. ಕೆಲವು ಸಲ ಹಟ್ಟಿಯಲ್ಲಿ ನಿಂತು ಹೇಳಬೇಕಾಗುತ್ತೆ. ಕೆಲವು ಸಲ ನೆಡ್ ಲ್ಯಾಂಡನ ಹಾಗೆ ದೋಣಿ ಬಿಚ್ಚಬೇಕಾಗುತ್ತೆ.

1868ರ ಏಪ್ರಿಲ್ 20ರಂದು ನಾಟಿಲಸ್ಸಿನ ಮೇಲೆ ದೈತ್ಯ ಸ್ಕ್ವಿಡ್‌ಗಳು ಮುತ್ತುತ್ತವೆ. ಡಿಸ್ನಿ ಮಾದರಿ ಮಾಡುವವರಿಗೆಲ್ಲ ಇಷ್ಟವಾದ ದೃಶ್ಯ. ಒಂದು ತೋಳು ಹೆಸರಿಲ್ಲದ ಒಬ್ಬ ನಾವಿಕನನ್ನು ಸುತ್ತಿ ಗಾಳಿಗೆ ಎತ್ತುತ್ತದೆ. ಅವನು ಸಹಾಯಕ್ಕೆ ಕೂಗುತ್ತಾನೆ, ಹಡಗಿನ ಗೂಢ ಭಾಷೆಯಲ್ಲಲ್ಲ, ಫ್ರೆಂಚಿನಲ್ಲಿ. ಅರೊನಾಕ್ಸ್ ದಂಗಾಗುತ್ತಾನೆ: ಇವನು ನನ್ನ ಊರ ಕಡೆಯವನು! ಐದು ತಿಂಗಳಿಗೂ ಹೆಚ್ಚು ಕಾಲ ಇಬ್ಬರೂ ಒಂದೇ ಹಡಗಿನಲ್ಲಿದ್ದರು. ಅಷ್ಟು ದಿನವೂ ಅವನು ಇದ್ದದ್ದು ಆ ಐದು ಮೀಟರಿನ ಕೋಣೆಯಲ್ಲಿ. ಅವನು ಯಾರು ಅಂತ ತಿಳಿದ ಗಳಿಗೆಯಲ್ಲೇ ಸ್ಕ್ವಿಡ್ ಕಪ್ಪು ಶಾಯಿ ಚಿಮ್ಮುತ್ತದೆ. ಶಾಯಿ ತಿಳಿಯಾಗುವಷ್ಟರಲ್ಲಿ ಆ ಮನುಷ್ಯ ಅಲ್ಲಿಲ್ಲ.